ಹಾರುವ ‘ನಿಲ್ಲಿ’ ಫಲಕ: ರಿಮೋಟ್ ಕಂಟ್ರೋಲ್ ಮಾದರಿಯನ್ನು ಮನೆಯಲ್ಲೇ ಕಟ್ಟುವ ಕ್ರಮ

ನಿತ್ಯ ಬಳಕೆಯ ವಸ್ತುಗಳನ್ನು ಆಕಾಶಕ್ಕೇರಿಸುವ ಹವ್ಯಾಸ ಅಮೆರಿಕದ ಮಾದರಿ ವಿಮಾನ ಕ್ಲಬ್ಬುಗಳಲ್ಲಿ ಹಳೆಯದು. ಹುಲ್ಲು ಕತ್ತರಿಸುವ ಯಂತ್ರ, ಪೊರಕೆಯೇರಿದ ಮಾಟಗಾತಿ, ರಸ್ತೆಬದಿಯ ‘ಸ್ಟಾಪ್’ ಫಲಕ ಇವೆಲ್ಲ ಅಲ್ಲಿನ ಪ್ರದರ್ಶನಗಳಲ್ಲಿ ಹಾರುತ್ತ ಬಂದಿವೆ. ಇವುಗಳಲ್ಲಿ ಮೊದಲ ಪ್ರಯತ್ನಕ್ಕೆ ನಾನು ಸೂಚಿಸುವುದು ಫಲಕವನ್ನು. ಅದು ಒಂದೇ ಚಪ್ಪಟೆ ಹಾಳೆಯಿಂದಾಗುತ್ತದೆ. ಬಿಳಿ ಅಂಚಿನ ಕೆಂಪು ಅಷ್ಟಭುಜ ನಮ್ಮ ರಸ್ತೆಗಳಲ್ಲಿಯೂ ಇರುವುದರಿಂದ ನೋಡಿದವರೆಲ್ಲ ಕೂಡಲೇ ಗುರುತಿಸುತ್ತಾರೆ.

ಇಂಥ ಆಕಾರ ಹಾರಬಲ್ಲದೇ ಎಂಬ ಸಂದೇಹಕ್ಕೆ ವಿಮಾನಗಳ ಇತಿಹಾಸದಲ್ಲೇ ಉತ್ತರವಿದೆ. ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಪಾದವೈದ್ಯರಾಗಿದ್ದ ಕ್ಲಾಯ್ಡ್ ಸ್ನೈಡರ್ ಅವರು, ಬೂಟಿನ ಹಿಮ್ಮಡಿಯೊಳಗೆ ಇಡುವ ಫೆಲ್ಟ್ ತುಂಡೊಂದನ್ನು ಎಸೆದಾಗ ಅದು ತೇಲಿಕೊಂಡು ಹೋದುದನ್ನು ಗಮನಿಸಿ, ಅದೇ ಆಕಾರದ ರೆಕ್ಕೆಯುಳ್ಳ ‘ಅರಪ್’ ವಿಮಾನಗಳನ್ನು 1930ರ ದಶಕದಲ್ಲಿ ಹಾರಿಸಿದರು. ಬಹುಮಟ್ಟಿಗೆ ದುಂಡಗಿನ ರೆಕ್ಕೆಯ ವಾಟ್ ವಿ-173 ವಿಮಾನ 1942ರ ನವೆಂಬರ್ 23ರಂದು ಮೊದಲ ಬಾರಿ ಹಾರಿತು. ಅಗಲವೂ ಉದ್ದವೂ ಸರಿಸುಮಾರು ಒಂದೇ ಆಗಿರುವ ರೆಕ್ಕೆ, ಸಾಮಾನ್ಯ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಕೋನವನ್ನು ದಾಟಿದ ಮೇಲೂ ಹಾರುತ್ತಲೇ ಇರುತ್ತದೆ. ಅದಕ್ಕೆ ತೆರಬೇಕಾದ ಬೆಲೆ ಗಾಳಿಯ ಹೆಚ್ಚಿನ ಎಳೆತ. ಆದ್ದರಿಂದ ಫಲಕಕ್ಕೆ ಮೋಟರಿನ ಬಲ ಧಾರಾಳವಾಗಿ ಬೇಕು, ಮೈ ಹಗುರವಾಗಿರಬೇಕು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ತೂಕದ ಕೇಂದ್ರ ತನ್ನ ಸ್ಥಾನದಲ್ಲೇ ಇರಬೇಕು. ಈ ಮೂರನೆಯದನ್ನು ಸಾಧಿಸಿದವರಿಗೆ ಆಕಾರ ಎಂದೂ ಅಡ್ಡಿಯಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಟ್ಟು ತೂಕವನ್ನು 250 ಗ್ರಾಂ ಒಳಗೆ ಇರಿಸಲು ಇನ್ನೊಂದು ಕಾರಣವೂ ಉಂಟು. ಭಾರತದ ಡ್ರೋನ್ ನಿಯಮಗಳು, 2021ರ ಪ್ರಕಾರ 250 ಗ್ರಾಂವರೆಗಿನವು ‘ನ್ಯಾನೋ’ ವರ್ಗಕ್ಕೆ ಸೇರುತ್ತವೆ ಮತ್ತು ಅವನ್ನು ಹಾರಿಸಲು ಪೈಲಟ್ ಪರವಾನಗಿ ಬೇಕಿಲ್ಲ. ಆದರೆ ವಾಯುಪ್ರದೇಶದ ನಿರ್ಬಂಧಗಳಿಂದ ಈ ವರ್ಗಕ್ಕೆ ವಿನಾಯಿತಿ ಇಲ್ಲ. ಹಸಿರು ವಲಯದಲ್ಲಿ 400 ಅಡಿ, ಎಂದರೆ ಸುಮಾರು 120 ಮೀಟರ್ ಎತ್ತರದವರೆಗೆ ಮಾತ್ರ ಅನುಮತಿ ಇಲ್ಲದೆ ಹಾರಿಸಬಹುದು. ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಎಂದು ನಾಲ್ಕು ಕಡೆ ವಿಮಾನಗಳು ಇಳಿಯುವ ಬೆಂಗಳೂರಿನಂಥ ನಗರದಲ್ಲಿ ಮೈದಾನ ಖಾಲಿಯಿದೆ ಎಂಬುದಷ್ಟನ್ನೇ ನಂಬಿಕೊಂಡು ಹೊರಡದೆ, ಸರ್ಕಾರದ ‘ಡಿಜಿಟಲ್ ಸ್ಕೈ’ ಜಾಲತಾಣದ ಡ್ರೋನ್ ವಲಯಗಳ ನಕ್ಷೆಯಲ್ಲಿ ಆ ಜಾಗದ ಬಣ್ಣವನ್ನು ಮೊದಲು ನೋಡಿಕೊಳ್ಳಬೇಕು.

ಮೈಗೆ 6 ಮಿ.ಮೀ. ದಪ್ಪದ ಡೆಪ್ರಾನ್ ಎಂಬ ಹಗುರ ಫೋಮ್ ಹಾಳೆ ಉತ್ತಮ. ಜಾಹೀರಾತು ಫಲಕಗಳಿಗೆ ಬಳಸುವ ಸನ್‌ಪ್ಯಾಕ್ ಹಾಳೆ ಅಗ್ಗವಾಗಿ ಸಿಕ್ಕರೂ ಈ ಅಳತೆಗೆ ತೀರ ಭಾರ, ಸಾಧಾರಣ ಥರ್ಮೋಕೋಲ್ ಬೇಗ ಮುರಿಯುತ್ತದೆ. 60 ಸೆಂ.ಮೀ. ಚೌಕವನ್ನು ಕತ್ತರಿಸಿ, ಪ್ರತಿ ಮೂಲೆಯಿಂದ ಎರಡೂ ಅಂಚುಗಳ ಮೇಲೆ 17.6 ಸೆಂ.ಮೀ. ಗುರುತಿಸಿ ಆ ತ್ರಿಕೋನಗಳನ್ನು ತೆಗೆದುಹಾಕಿದರೆ, ಸುಮಾರು 24.8 ಸೆಂ.ಮೀ. ಬಾಹುಗಳ ಸಮ ಅಷ್ಟಭುಜ ಉಳಿಯುತ್ತದೆ. ಅದರ ತೂಕ ಸುಮಾರು 65 ಗ್ರಾಂ ಇರುತ್ತದೆ. ಮುಂದಿನ ಅಂಚಿನಿಂದ 18 ಸೆಂ.ಮೀ. ಹಿಂದೆ, ಅಡ್ಡಲಾಗಿ, 4 ಮಿ.ಮೀ. ಕಾರ್ಬನ್ ಕೊಳವೆಯನ್ನು ಹಾಳೆಯಲ್ಲಿ ಹುದುಗಿಸಿ ಅಂಟಿಸಬೇಕು. ಇದಿಲ್ಲದೆ ಹೋದರೆ ತಿರುವಿನಲ್ಲಿ ಹಾಳೆ ಬಾಗುತ್ತದೆ. ಅಂಟಿನ ಬಗ್ಗೆ ಎಚ್ಚರವಿರಲಿ: ಮಾಮೂಲಿ ಸೂಪರ್ ಗ್ಲೂ ಡೆಪ್ರಾನನ್ನು ಕರಗಿಸಿಬಿಡುತ್ತದೆ, ಡಬ್ಬಿಯ ಸ್ಪ್ರೇ ಬಣ್ಣಗಳಲ್ಲಿ ಹಲವೂ ಹಾಗೆಯೇ. ಫೋಮ್‌ಗೆಂದೇ ತಯಾರಾದ ಅಂಟು ಅಥವಾ ಎಪಾಕ್ಸಿ, ಮತ್ತು ನೀರಿನಲ್ಲಿ ಕದಡುವ ಅಕ್ರಿಲಿಕ್ ಬಣ್ಣ ಸುರಕ್ಷಿತ.

ಇನ್ನು ಮೂತಿ. ಹಾಳೆಯ ತೂಕವೆಲ್ಲ ನಡುಮಧ್ಯದಲ್ಲಿ, ಅಂದರೆ ಮುಂದಿನ ಅಂಚಿನಿಂದ 30 ಸೆಂ.ಮೀ. ದೂರದಲ್ಲಿ ಕೇಂದ್ರೀಕರಿಸಿರುತ್ತದೆ, ಆದರೆ ಈ ಆಕಾರಕ್ಕೆ ಎತ್ತುವ ಬಲ ಒದಗುವುದು ಅದಕ್ಕಿಂತ ಬಹಳ ಮುಂದೆ, ಉದ್ದದ ಸುಮಾರು ಕಾಲು ಭಾಗದಲ್ಲಿ. ತೂಕದ ಕೇಂದ್ರ ಆ ಬಿಂದುವಿಗಿಂತಲೂ ಮುಂದೆ ಇರಬೇಕಾದುದರಿಂದ, 45 ಸೆಂ.ಮೀ. ಉದ್ದದ 6 ಮಿ.ಮೀ. ಕಾರ್ಬನ್ ಕೊಳವೆಯನ್ನು ಹಾಳೆಯ ಮೇಲ್ಭಾಗದ ನಡುವೆ ಅಂಟಿಸಿ, ಅದರ 15 ಸೆಂ.ಮೀ. ಭಾಗ ಅಂಚಿನಿಂದ ಮುಂದಕ್ಕೆ ಚಾಚುವಂತೆ ಬಿಡಬೇಕು. ತುದಿಯಲ್ಲಿ ಪ್ಲೈವುಡ್ ತುಂಡಿನ ಮೇಲೆ 25ರಿಂದ 28 ಗ್ರಾಂ ತೂಕದ ಬ್ರಷ್‌ಲೆಸ್ ಮೋಟರ್, ಅದರ ಹಿಂದೆಯೇ ವೆಲ್ಕ್ರೋ ಪಟ್ಟಿಯಲ್ಲಿ 2 ಸೆಲ್ಲಿನ 800 ಎಂಎಎಚ್ ಲಿಪೊ ಬ್ಯಾಟರಿ, ಅನಂತರ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ) ಮತ್ತು ರಿಸೀವರ್ ಸಾಲಾಗಿ ಬರಲಿ. ಫಲಕದ ಅಂದ ಕೆಡುತ್ತದೆಂದು ಈ ಮೂತಿಯನ್ನು ಗಿಡ್ಡಗೊಳಿಸುವ ಆಸೆ ಬರುವುದು ಸಹಜವಾದರೂ ಹಾಗೆ ಮಾಡಬಾರದು. ಮಾಡಿದರೆ ಸೀಸದ ತುಂಡುಗಳನ್ನು ಕಟ್ಟಿ ತೂಕ ಸರಿದೂಗಿಸಬೇಕಾಗುತ್ತದೆ. ತಿಳಿ ಬೂದು ಬಣ್ಣ ಬಳಿದರೆ ಆಕಾಶದ ಹಿನ್ನೆಲೆಯಲ್ಲಿ ಮೂತಿ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಮೋಟರ್ ಮತ್ತು ಪ್ರೊಪೆಲರ್ ಜೋಡಿ ಸಾಕಷ್ಟು ಬಲ ಕೊಡುತ್ತದೆಯೇ ಎಂಬುದನ್ನು ಅಡುಗೆಮನೆಯ ತಕ್ಕಡಿಗೆ ಭದ್ರವಾಗಿ ಕಟ್ಟಿ ಅಳೆಯಬಹುದು: ಮಾದರಿಯ ಒಟ್ಟು ತೂಕದಷ್ಟಾದರೂ ಒತ್ತಡ ತೋರಿಸಬೇಕು.

ಹಿಂದಿನ ಅಂಚಿನಿಂದ 8 ಸೆಂ.ಮೀ. ಒಳಗೆ ಅಡ್ಡಗೆರೆ ಎಳೆದರೆ ಅಲ್ಲಿ ಹಾಳೆಯ ಅಗಲ ಸುಮಾರು 41 ಸೆಂ.ಮೀ. ಇರುತ್ತದೆ. ನಡುವೆ 3 ಸೆಂ.ಮೀ. ಬಿಟ್ಟು ಎರಡೂ ಬದಿಗೆ 19 ಸೆಂ.ಮೀ. ಉದ್ದದ ಎಲೆವಾನ್‌ಗಳನ್ನು, ಅಂದರೆ ಮೇಲೆ ಕೆಳಗೆ ಆಡುವ ನಿಯಂತ್ರಣ ಪಟ್ಟಿಗಳನ್ನು, ಕತ್ತರಿಸಿ ಟೇಪಿನ ಕೀಲಿನಿಂದ ಕೂಡಿಸಬೇಕು. ಎರಡೂ ಒಟ್ಟಿಗೆ ಮೇಲೆದ್ದರೆ ಮೂತಿ ಏಳುತ್ತದೆ, ಒಂದು ಮೇಲೆ ಒಂದು ಕೆಳಗೆ ಹೋದರೆ ಮಾದರಿ ವಾಲುತ್ತದೆ. ಈ ಬೆರಕೆಯನ್ನು ಟ್ರಾನ್ಸ್‌ಮಿಟರಿನ ಎಲೆವಾನ್ ಅಥವಾ ಡೆಲ್ಟಾ ಮಿಕ್ಸಿಂಗ್ ಮಾಡುತ್ತದೆ. ಎಲೆವಾನ್‌ಗಳನ್ನು ಆಡಿಸುವ ಪುಟ್ಟ ಮೋಟರುಗಳಾದ ಸರ್ವೋಗಳನ್ನು ಕೀಲಿನ ಬಳಿ ಇಡದೆ, ಮುಂದಿನ ಅಂಚಿನಿಂದ 12 ಸೆಂ.ಮೀ. ದೂರದಲ್ಲಿ ಕೂರಿಸಿ ಉದ್ದನೆಯ ಕಾರ್ಬನ್ ಕಡ್ಡಿಗಳಿಂದ ಜೋಡಿಸಿದರೆ ಹಿಂಭಾಗದ ಭಾರ ಕಡಿಮೆಯಾಗುತ್ತದೆ. ಕಡ್ಡಿಗಳು ಬಾಗದಂತೆ ನಡುವೆ ಒಂದೆರಡು ಕಡೆ ಆಸರೆ ಕೊಡುವುದು ಅಗತ್ಯ. ಎಲೆವಾನ್‌ಗಳ ಮುಂದೆ, ಮೇಲ್ಭಾಗದಲ್ಲಿ, ಎರಡು ಲಂಬ ರೆಕ್ಕೆಗಳು ಸಾಕು.

ಬಣ್ಣ ಬಳಿಯುವುದನ್ನು ಇಲ್ಲಿ ಅಲಂಕಾರವೆಂದು ತಿಳಿಯಬಾರದು. ಅಷ್ಟಭುಜ ಎತ್ತ ತಿರುಗಿದರೂ ಒಂದೇ ರೀತಿ ಕಾಣುವುದರಿಂದ, ಮಾದರಿ ತಮ್ಮತ್ತ ಬರುತ್ತಿದೆಯೋ ದೂರ ಹೋಗುತ್ತಿದೆಯೋ, ಮೇಲ್ಮೈ ಕಾಣುತ್ತಿದೆಯೋ ಕೆಳಮೈಯೋ ಎಂಬುದು ಹಾರಿಸುವವರಿಗೆ ಐವತ್ತು ಮೀಟರ್ ದೂರದಲ್ಲೇ ಗೊಂದಲವಾಗಬಹುದು. ಇಂಥ ಮಾದರಿಗಳು ನೆಲಕ್ಕಪ್ಪಳಿಸುವುದಕ್ಕೆ ಇದೇ ದೊಡ್ಡ ಕಾರಣ. ನಿಜವಾದ ರಸ್ತೆ ಫಲಕದ ಮುಖ ಕೆಂಪಗೂ ಬೆನ್ನು ಬೂದಾಗಿಯೂ ಇರುವುದು ನಮಗೆ ಒದಗಿದ ಅನುಕೂಲ. ಕೆಳಮೈಗೆ ಕೆಂಪು, ಬಿಳಿ ಅಂಚು ಮತ್ತು ‘ನಿಲ್ಲಿ’ ಎಂಬ ದಪ್ಪ ಅಕ್ಷರಗಳು, ಮೇಲ್ಮೈಗೆ ಬೂದು ಬಣ್ಣ ಇರಲಿ. ಆಗ ನೆಲದ ಮೇಲಿರುವವರಿಗೆ ಫಲಕದ ಮುಖ ಕಾಣುತ್ತದೆ, ಮಗುಚಿದರೆ ಕೂಡಲೇ ತಿಳಿಯುತ್ತದೆ. ಅಕ್ಷರಗಳ ತಲೆ ಮೂತಿಯ ಕಡೆಗಿದ್ದರೆ, ಕೈಯಿಂದ ಬಿಟ್ಟ ಮಾದರಿ ಮೇಲೇರುತ್ತ ದೂರ ಹೋಗುವಾಗ ಬರಹ ನೇರವಾಗಿ ಓದಿಸಿಕೊಳ್ಳುತ್ತದೆ. ಎಲೆವಾನ್‌ಗಳ ನಡುವೆ ಬಿಟ್ಟ ಜಾಗದಿಂದ 25 ಸೆಂ.ಮೀ. ಉದ್ದದ ಫೋಮ್ ಪಟ್ಟಿಯೊಂದನ್ನು ಫಲಕದ ಕಂಬವಾಗಿ ಹಿಂದಕ್ಕೆ ಚಾಚಿಸಿ ಕಪ್ಪು ಬಿಳುಪಿನ ಪಟ್ಟೆ ಬಳಿಯಬೇಕು. ಎರಡು ಮೂರು ಗ್ರಾಂ ತೂಗುವ ಈ ಕಂಬ ಆಕಾರವನ್ನು ಪೂರ್ಣಗೊಳಿಸುವುದರ ಜೊತೆಗೆ ಬಾಲ ಯಾವ ಕಡೆಗಿದೆ ಎಂಬುದನ್ನು ದೂರದಿಂದಲೂ ತೋರಿಸುತ್ತದೆ. ಇಳಿಯುವಾಗ ಮುರಿಯದಂತೆ ಇದನ್ನು ಅಂಟಿಸದೆ ಟೇಪಿನಿಂದ ಹಿಡಿಸುವುದು ಲೇಸು.

ಬ್ಯಾಟರಿಯೂ ಸೇರಿ ಎಲ್ಲವೂ ಕೂಡಿದ ಮೇಲೆ, ಮುಂದಿನ ಅಂಚಿನಿಂದ 12 ಸೆಂ.ಮೀ. ದೂರದಲ್ಲಿ ಎರಡೂ ಬದಿಗೆ ಬೆರಳಿಟ್ಟು ಎತ್ತಿದಾಗ ಮಾದರಿ ಸಮತಟ್ಟಾಗಿ ನಿಲ್ಲಬೇಕು. ಹಿಂದಕ್ಕೆ ವಾಲಿದರೆ ಹಾರಿಸಕೂಡದು; ಬ್ಯಾಟರಿಯನ್ನು ಇನ್ನೂ ಮುಂದಕ್ಕೆ ಸರಿಸಬೇಕು. ಅದೇ ಜಾಗದಲ್ಲಿ ಕೆಳಗಡೆ ಒಂದು ಫೋಮ್ ತುಂಡನ್ನು ಹಿಡಿಕೆಯಾಗಿ ಅಂಟಿಸಿದರೆ ಎಸೆಯಲೂ ಇಳಿಸಲೂ ಅನುಕೂಲ. ಎಲೆವಾನ್‌ಗಳ ಸಹಜ ಸ್ಥಾನ 3ರಿಂದ 4 ಮಿ.ಮೀ. ಮೇಲಕ್ಕಿರಲಿ, ಏಕೆಂದರೆ ಬಾಲದ ರೆಕ್ಕೆಯಿಲ್ಲದ ಚಪ್ಪಟೆ ಹಾಳೆ ಹಾಗಿಲ್ಲದಿದ್ದರೆ ಮೂತಿ ಕೆಳಗಾಗಿ ಧುಮುಕುತ್ತದೆ. ಮೊದಲ ಹಾರಾಟಕ್ಕೆ ಎರಡೂ ದಿಕ್ಕಿಗೆ 15 ಮಿ.ಮೀ. ಚಲನೆ ಮತ್ತು ಮೂವತ್ತು ಶೇಕಡಾ ಎಕ್ಸ್‌ಪೊ (ಕಡ್ಡಿಯ ನಡುಭಾಗದ ಸ್ಪಂದನೆಯನ್ನು ಮೃದುಗೊಳಿಸುವ ಟ್ರಾನ್ಸ್‌ಮಿಟರ್ ಹೊಂದಾಣಿಕೆ) ಸಾಕಾಗುತ್ತದೆ.

ಗಾಳಿ ಏಳುವ ಮುನ್ನ, ಬೆಳಗಿನ ಹೊತ್ತಿನಲ್ಲಿ, ಜನರಿಲ್ಲದ ಹುಲ್ಲುಗಾವಲಿನಲ್ಲಿ ಹಾರಿಸಬೇಕು. ಮುಕ್ಕಾಲು ಥ್ರಾಟಲ್ ಕೊಟ್ಟು, ಮೂತಿಯನ್ನು ತುಸುವೇ ಮೇಲಕ್ಕಿಟ್ಟು, ಗಾಳಿಗೆದುರಾಗಿ ನೇರವಾಗಿ ಬಿಡಬೇಕು. ರೆಕ್ಕೆಯ ಹರವು ಕಡಿಮೆಯಾದುದರಿಂದ ಪ್ರೊಪೆಲರ್ ತಿರುಗುವ ರಭಸಕ್ಕೆ ಮಾದರಿ ಮೊದಲಿಗೆ ಎಡಕ್ಕೆ ವಾಲಬಹುದು. ಬಲಕ್ಕೆ ಸಣ್ಣ ತಿದ್ದುಪಡಿ ಕೊಡಲು ಬೆರಳು ಸಿದ್ಧವಾಗಿರಲಿ. ಎತ್ತರಕ್ಕೇರಿದ ಮೇಲೆ ಮೂತಿಯೆತ್ತಿ ಥ್ರಾಟಲ್ ಹೊಂದಿಸಿದರೆ ಫಲಕ ನಡಿಗೆಯ ವೇಗದಲ್ಲಿ ತೇಲುತ್ತ ಬರುತ್ತದೆ, ಮತ್ತು ಇದಕ್ಕಾಗಿಯೇ ಇಷ್ಟೆಲ್ಲ ಶ್ರಮಪಡುವುದು ಸಾರ್ಥಕವೆಂದು ನನಗೆ ಅನಿಸುತ್ತದೆ. ಆ ಸ್ಥಿತಿಯಲ್ಲಿ ಎತ್ತರವನ್ನು ಕಾಯುವುದು ಮೋಟರೇ ಹೊರತು ಎಲೆವಾನ್ ಅಲ್ಲ. ಆದ್ದರಿಂದ ಇಳಿಸುವಾಗ ಥ್ರಾಟಲನ್ನು ಒಮ್ಮೆಲೇ ಮುಚ್ಚಬಾರದು. ಮೂತಿ ಎತ್ತಿರುವಾಗ ಮುಚ್ಚಿದರೆ ಮಾದರಿ ತೇಲದೆ ಕುಸಿಯುತ್ತದೆ. ಹುಲ್ಲು ಮುಟ್ಟುವವರೆಗೂ ಸ್ವಲ್ಪ ಬಲ ಉಳಿಸಿಕೊಂಡು, ಮುಟ್ಟಿದ ಕ್ಷಣ ಮೋಟರ್ ನಿಲ್ಲಿಸಬೇಕು. ಸೆಲ್ ಒಂದಕ್ಕೆ 3.5 ವೋಲ್ಟ್ ತಲುಪುವ ಮೊದಲೇ ಇಳಿಸಲು ಟೈಮರ್ ಇಟ್ಟುಕೊಳ್ಳುವುದು ಒಳ್ಳೆಯದು.

ನೇರವಾಗಿ ಹಾರಲು ಎಲೆವಾನ್‌ಗಳನ್ನು ಇನ್ನೂ ಬಹಳ ಮೇಲೆತ್ತಬೇಕಾಗಿ ಬಂದರೆ ತೂಕದ ಕೇಂದ್ರ ಅತಿಯಾಗಿ ಮುಂದಿದೆ ಎಂದರ್ಥ. ಬ್ಯಾಟರಿಯನ್ನು ಸ್ವಲ್ಪವೇ ಹಿಂದಕ್ಕೆ ಸರಿಸಿ, ಕೇಂದ್ರವನ್ನು ಹಾರಾಟಕ್ಕೊಮ್ಮೆ 3 ಮಿ.ಮೀ.ನಷ್ಟು ಹಿಂದೆ ತರಬಹುದು, ಆದರೆ ಮುಂದಿನ ಅಂಚಿನಿಂದ 13.5 ಸೆಂ.ಮೀ. ಗಡಿಯನ್ನು ದಾಟಿಸಬಾರದು.