ಕಬ್ಬಿನ ಗದ್ದೆಗೆ ಬಿದ್ದ ಗ್ಲೈಡರನ್ನು ಸದ್ದಿನಿಂದ ಹುಡುಕಿದ ನನ್ನ ಅನುಭವ

ಕಳೆದ ಚಳಿಗಾಲದಲ್ಲಿ ಮದ್ದೂರಿನ ಆಚೆ ನಾವು ಹಾರಿಸುವ ಬೀಳು ಜಮೀನಿನ ಪಕ್ಕದ ಕಬ್ಬಿನ ಗದ್ದೆಗೆ ರೇಡಿಯೋದಿಂದ ಹಾರಿಸುವ ನನ್ನ 2 ಮೀಟರ್ ರೆಕ್ಕೆಯ ಮಾಡೆಲ್ ಗ್ಲೈಡರ್ ಬಿದ್ದಿತು. ಬಿದ್ದ ರಭಸಕ್ಕೆ ಕ್ಯಾನೊಪಿ (ಮೂಗಿನ ಮೇಲಿನ ಮುಚ್ಚಳ) ಕಳಚಿ ಬ್ಯಾಟರಿ ಹೊರಗೆ ಹಾರಿತ್ತು, ನೆಲದಿಂದ ಆದೇಶ ಪಡೆಯುವ ರಿಸೀವರ್ ಸತ್ತಿತ್ತು, ಇಎಸ್‌ಸಿಯಿಂದ (ಮೋಟಾರಿನ ವೇಗ ನಿಯಂತ್ರಕ) ಸದ್ದು ಬರುವ ಪ್ರಶ್ನೆಯೇ ಇರಲಿಲ್ಲ. ಆದರೂ ನಾನೇ ಮಾಡಿ ಕೂರಿಸಿದ್ದ ಅಲಾರಮಿನ ಕೂಗನ್ನು ಹಿಡಿದು 11–12 ನಿಮಿಷಗಳಲ್ಲಿ ಮಾಡೆಲನ್ನು ಎತ್ತಿಕೊಂಡು ಬದುವಿಗೆ ಬಂದೆ. ಕಬ್ಬಿನೊಳಗೆ ಬಜರ್ ಕೇಳಿಸುವುದಿಲ್ಲ, ಆ ಹಣದಲ್ಲಿ ಜಿಪಿಎಸ್ ಹಾಕಿಸು ಎಂದು ಎರಡು ವರ್ಷದಿಂದ ಹೇಳುತ್ತಿದ್ದ ಗೆಳೆಯರು ಅಂದು ಅಲ್ಲಿಯೇ ನಿಂತಿದ್ದರು. ಅವರೇ ಕೇಳಿದ ಕಾರಣ ಇದನ್ನು ಬರೆಯುತ್ತಿದ್ದೇನೆ.

ಜಿಪಿಎಸ್ ಬೇಡವೆಂದು ನಾನು ಎಂದೂ ಹೇಳಿಲ್ಲ. ಟೆಲಿಮೆಟ್ರಿಯಲ್ಲಿ (ಮಾಡೆಲ್ ರೇಡಿಯೋ ಮೂಲಕ ಕೆಳಗೆ ಕಳಿಸುವ ಮಾಹಿತಿ) ಕೊನೆಗೆ ಬಂದ ಸ್ಥಾನವು ಯಾವ ಗದ್ದೆ, ಯಾವ ಮೂಲೆ ಎಂಬುದನ್ನು ತಿಳಿಸುತ್ತದೆ. ಆದರೆ ಅದರಲ್ಲಿ ನಾಲ್ಕೈದು ಮೀಟರ್ ವ್ಯತ್ಯಾಸ ಸಾಮಾನ್ಯ, ಮತ್ತು ಕೊನೆಯ ಸಂಕೇತ ಬಂದ ಮೇಲೂ ಮಾಡೆಲ್ ಮುಂದಕ್ಕೆ ಹೋಗಿರುತ್ತದೆ. ಹುಲ್ಲುಗಾವಲಿನಲ್ಲಿ ಐದು ಮೀಟರ್ ಏನೂ ಅಲ್ಲ. ಎಂಟು ಹತ್ತು ಅಡಿ ಬೆಳೆದು, ಗರಿಗಳು ಹೆಣೆದುಕೊಂಡು, ಒಂದು ಮಾರು ಆಚೆಗೆ ಕಣ್ಣು ಹೋಗದ ಕಬ್ಬಿನಲ್ಲಿ ಐದು ಮೀಟರ್ ಎಂದರೆ ಮೂರು ನಾಲ್ಕು ಸಾಲುಗಳ ಅಂತರ, ಮತ್ತು ಪಕ್ಕದ ಸಾಲಿನಲ್ಲಿರುವ ಬಿಳಿ ರೆಕ್ಕೆಯೂ ಕಾಣುವುದಿಲ್ಲ. ಆ ಕೊನೆಯ ಸಾಲನ್ನು ತೋರಿಸಲು ಸದ್ದೇ ಬೇಕು.

ಮೊದಲು ಕೊಂಡದ್ದು ಸುಮಾರು 450 ರೂಪಾಯಿಯ ಸಿದ್ಧ ಅಲಾರಂ. ರಿಸೀವರಿನಲ್ಲಿ ರಡ್ಡರಿಗೆ (ಬಾಲದ ಚುಕ್ಕಾಣಿ) ಇರುವ ಚಾನೆಲ್‌ಗೆ, ಒಂದನ್ನು ಎರಡಾಗಿ ಕವಲೊಡೆಸುವ ವೈ-ಕೇಬಲ್ ಮೂಲಕ ಸಿಕ್ಕಿಸಿದೆ. ಟ್ರಾನ್ಸ್‌ಮಿಟರ್ ಆರಿಸಿದ ಕೂಡಲೇ ಮೇಜಿನ ಮೇಲೆ ಚೆನ್ನಾಗಿಯೇ ಕೂಗಿತು. ಅದಾದ ಎರಡು ವಾರಕ್ಕೆ ಗೆಳೆಯರೊಬ್ಬರ ಸಲಹೆಯಂತೆ ಎಲ್ಲ ಚಾನೆಲ್‌ಗಳಿಗೂ ಫೇಲ್‌ಸೇಫ್ (ಸಂಪರ್ಕ ತಪ್ಪಿದಾಗ ರಿಸೀವರ್ ತಾನೇ ಕೊಡಬೇಕಾದ, ಮೊದಲೇ ಗೊತ್ತುಮಾಡಿದ ಆದೇಶ) ಹಾಕಿದೆ, ಅಲಾರಮನ್ನು ಮತ್ತೆ ಪರೀಕ್ಷಿಸಲಿಲ್ಲ. ಸಂಪರ್ಕ ತಪ್ಪಿದರೂ ರಿಸೀವರ್ ಫೇಲ್‌ಸೇಫ್ ಪಲ್ಸ್‌ಗಳನ್ನು (ಆದೇಶ ಹೊತ್ತ ಚಿಕ್ಕ ವಿದ್ಯುತ್ ಮಿಡಿತಗಳು) ಕಳಿಸುತ್ತಲೇ ಇರುವುದರಿಂದ, ಪಲ್ಸ್ ನಿಂತರೆ ಮಾತ್ರ ಕೂಗುವ ಆ ಅಲಾರಮಿಗೆ ಎಲ್ಲವೂ ಸರಿಯಾಗಿದೆ ಎಂದೇ ಅನಿಸುತ್ತಿತ್ತು. ಆ ತಿಂಗಳೇ ಗ್ಲೈಡರ್ ಕಬ್ಬಿಗೆ ಬಿದ್ದಿತು. ಮೂರು ಭಾನುವಾರ ಹುಡುಕಿದೆವು, ತುಳಿದು ಮುರಿದ ಕಬ್ಬಿಗೆಂದು ರೈತರಿಗೆ 500 ರೂಪಾಯಿ ಕೊಟ್ಟೆ. ನಾಲ್ಕು ತಿಂಗಳ ನಂತರ ಕಟಾವಿನ ಸಮಯದಲ್ಲಿ ಅವರೇ ಫೋನ್ ಮಾಡಿ, "ನಿಮ್ ಇಮಾನ ಸಿಕ್ಕೈತೆ ಸಾ, ಬಂದು ತಕೊಂಡೋಗಿ" ಎಂದರು. ಊದಿಕೊಂಡ ಲಿಪೊ ಬ್ಯಾಟರಿ, ತುಕ್ಕು ಹಿಡಿದ ಮೋಟಾರ್, ಇಲಿ ಕಡಿದ ಫೋಮ್. ಸುಮಾರು 14,000 ರೂಪಾಯಿಯ ಸಾಮಾನಿನಲ್ಲಿ ಎರಡು ಸರ್ವೋ (ಚುಕ್ಕಾಣಿಗಳನ್ನು ತಿರುಗಿಸುವ ಪುಟ್ಟ ಮೋಟಾರು) ಮಾತ್ರ ಉಳಿದವು.

ಎರಡನೆಯ ಮಾಡೆಲ್‌ನಲ್ಲಿ ಫೇಲ್‌ಸೇಫ್ ಸರಿಪಡಿಸಿದೆ, ಆದರೆ ಅದು ಬಿದ್ದಾಗ ಬ್ಯಾಟರಿಯೇ ಹೊರಬಿದ್ದು ಅಲಾರಮಿಗೆ ಕರೆಂಟೇ ಇಲ್ಲದಂತಾಯಿತು. ಅದು ಜೋಳದ ಹೊಲವಾಗಿದ್ದರಿಂದ ಎರಡು ದಿನದಲ್ಲಿ ಸಿಕ್ಕಿತು. ಮುಖ್ಯ ಬ್ಯಾಟರಿಯನ್ನು ನಂಬಿದ ಅಲಾರಂ ಅತ್ಯಂತ ಬೇಕಾದ ಗಳಿಗೆಯಲ್ಲಿಯೇ ಮೂಕವಾಗುತ್ತದೆ ಎಂಬುದು ಆಗ ಮನದಟ್ಟಾಯಿತು. ಮೋಟಾರನ್ನೇ ಕೂಗಿಸುವ ಇಎಸ್‌ಸಿ ಬೀಕನ್‌ಗೂ ಇದೇ ತೊಂದರೆ. ಅಲ್ಲದೆ ಮೂಗು ಮಣ್ಣಿಗೆ ನೆಟ್ಟ ಮೇಲೆ ಮೋಟಾರಿನ ಸದ್ದು ಹತ್ತಡಿಗೂ ಸಾಲದು.

ಆಮೇಲೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಿಂದ ಸಾಮಾನು ತಂದು ನಾನೇ ಮಾಡಿದೆ. ಎಟಿಟೈನಿ85 ಎಂಬ ಪುಟ್ಟ ಪ್ರೋಗ್ರಾಂ ಚಿಪ್ ಇರುವ ಸಣ್ಣ ಬೋರ್ಡ್, ಒಂದೇ ಸೆಲ್‌ನ (1ಎಸ್) 150 ಎಂಎಎಚ್ ಲಿಪೊ, ಸದ್ದು ಮಾಡುವ ಒಂದು ಪೀಜೋ ಬಜರ್, ಒಂದು ಗುಂಡಿ. ಎಲ್ಲ ಸೇರಿ 380 ರೂಪಾಯಿ, ತೂಕ 9 ಗ್ರಾಂ ಆಸುಪಾಸು. ರಿಸೀವರಿನ 5 ವೋಲ್ಟ್ ಹೋಗಿ ಅರ್ಧ ನಿಮಿಷವಾದರೆ ಕೂಗುತ್ತದೆ. ಮನೆಗೆ ಹೊರಡುವಾಗ ಗುಂಡಿ ಒತ್ತಿ ಸುಮ್ಮನಾಗಿಸಬೇಕು. ಬ್ಯಾಟರಿ ಉಳಿದು ಸಂಪರ್ಕ ಮಾತ್ರ ತಪ್ಪಿದ ಸಂದರ್ಭಕ್ಕೆ, ಬಿಡುವಿರುವ ಚಾನೆಲ್‌ನ ಎರಡು ಸ್ಥಾನದ ಸ್ವಿಚ್ಚಿನಿಂದ 1200 ಮತ್ತು 1800 ಮೈಕ್ರೋಸೆಕೆಂಡ್ ಉದ್ದದ ಪಲ್ಸ್ ಮಾತ್ರ ಬರುವಂತೆ ಮಾಡಿ, ಫೇಲ್‌ಸೇಫನ್ನು ನಡುವಿನ 1500ಕ್ಕೆ ಇಟ್ಟಿದ್ದೇನೆ. ಸ್ವಿಚ್ಚಿನಿಂದ ಎಂದೂ ಬಾರದ ಆ ಅಂಕಿ ಬಂದಿತೆಂದರೆ ಮಾಡೆಲ್ ಕಳೆದಿದೆ ಎಂದೇ ಅರ್ಥ. 1800ಕ್ಕೆ ಹಾಕಿದರೆ ನಾನೇ ಕೂಗಿಸಿದಂತೆ. ಈ ಉಪಾಯವನ್ನು ಬೇರೆಯವರಲ್ಲಿ ನಾನು ಕಂಡಿಲ್ಲ.

ಮೊದಲ ಬೋರ್ಡು ರಾತ್ರಿ ಬೆಳಗಾಗುವುದರೊಳಗೆ ಬ್ಯಾಟರಿ ಬರಿದುಮಾಡಿತು. ಬೋರ್ಡಿನ ಮೇಲಿನ ಪವರ್ ಎಲ್ಇಡಿ, ವೋಲ್ಟೇಜ್ ರೆಗ್ಯುಲೇಟರ್ ಮತ್ತು ಸದಾ ಎಚ್ಚರವಿದ್ದ ಚಿಪ್ಪು ಸೇರಿ 15–20 ಮಿಲಿಆಂಪ್ ಎಳೆಯುತ್ತಿತ್ತು. ಎಲ್ಇಡಿ, ರೆಗ್ಯುಲೇಟರ್ ಎರಡನ್ನೂ ಕಿತ್ತು, ಚಿಪ್ಪನ್ನು ಎರಡು ಕೂಗುಗಳ ನಡುವೆ ಮಲಗಿಸಿದ ಮೇಲೆ ಈಗ ಎರಡು ದಿನ ಧಾರಾಳವಾಗಿ ಕೂಗುತ್ತದೆ. ಪೀಜೋವಿನ ಒಂದು ತುದಿಯನ್ನು ಗ್ರೌಂಡಿಗೆ (ಬ್ಯಾಟರಿಯ ಋಣ ತುದಿಗೆ) ಕೊಡದೆ, ಎರಡು ತುದಿಗಳನ್ನೂ ಚಿಪ್ಪಿನ ಎರಡು ಪಿನ್ನುಗಳಿಗೆ ಕೊಟ್ಟು ಎದುರುಬದುರಾಗಿ ನಡೆಸಿದ್ದೇನೆ. ಪೀಜೋಗೆ ಸಿಗುವ ವೋಲ್ಟೇಜ್ ಇಮ್ಮಡಿಯಾಗಿ, ಸದ್ದು ಕಿವಿಗೇ ತಿಳಿಯುವಷ್ಟು ಹೆಚ್ಚಿತು.

ಸದ್ದಿನ ವಿಷಯದಲ್ಲಿಯೇ ನಾನು ಹೆಚ್ಚು ಕಾಲ ಕಳೆದದ್ದು. ಪೀಜೋವನ್ನು ಫ್ಯೂಸಲಾಜ್ (ಮಾಡೆಲಿನ ಒಡಲು) ಒಳಗಿಟ್ಟು ಫೋನಿನ ಆ್ಯಪ್‌ನಲ್ಲಿ ಅಳೆದಾಗ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಇದ್ದದ್ದು, ಬಾಲದ ಹತ್ತಿರ ಫೋಮನ್ನು ಕೊರೆದು ಬಾಯಿ ಹೊರಗಿರುವಂತೆ ಕೂರಿಸಿದಾಗ 90 ದಾಟಿತು. ಮೂಗು ನೆಲಕ್ಕೆ ಹೋದರೂ ಬಾಲ ಮೇಲೆಯೇ ಉಳಿಯುವುದು ಇನ್ನೊಂದು ಲಾಭ. ಬಾಲದ ತೂಕಕ್ಕೆ ಸರಿಯಾಗಿ ಮೂಗಿನಲ್ಲಿ ಸೀಸ ಸೇರಿಸಬೇಕಾಯಿತು. 4 ಕಿಲೋಹರ್ಟ್ಸ್‌ನ ಒಂದೇ ಸ್ವರ ಇಟ್ಟಾಗ ಸಂಜೆಯ ಜೀರುಂಡೆಗಳಲ್ಲಿ ಅದು ಕರಗಿಹೋಗುತ್ತಿತ್ತು. ಕೇಳಿಸಿದಾಗಲೂ ನಾಲ್ಕೂ ಕಡೆಯಿಂದ ಬಂದಂತೆ ಭಾಸವಾಗುತ್ತಿತ್ತು. 2.4 ಕಿಲೋಹರ್ಟ್ಸ್ ಸುಮಾರಿನಿಂದ ಮೇಲಕ್ಕೆ ಜಾರುವ ಚಿಕ್ಕ ಕೂಗು, ನಡುವೆ ಮೌನ, ಮತ್ತೆ ಕೂಗು ಎಂದು ಬದಲಿಸಿದ ಮೇಲೆ ದಿಕ್ಕು ಸ್ಪಷ್ಟವಾಯಿತು. ಎಲ್ಲಿಯವರೆಗೆ ಜಾರಿಸುತ್ತೇನೆ, ಮೌನ ಎಷ್ಟು ಎಂಬುದನ್ನು ಹೇಳಲಾರೆ; ಅದಕ್ಕೆ ಒಂದು ಮಳೆಗಾಲ ಪೂರ್ತಿ ಖರ್ಚಾಗಿದೆ.

ಬಯಲಿನಲ್ಲಿ ಇದು 150 ಮೀಟರ್ ಕೇಳುತ್ತದೆ, ಕಬ್ಬಿನಲ್ಲಿ 35–40, ಗಾಳಿ ಬೀಸಿ ಗರಿಗಳು ಸದ್ದು ಮಾಡುವಾಗ 15 ಕೂಡ ಕಷ್ಟ. ಆದ್ದರಿಂದ ಬಿದ್ದ ಕೂಡಲೇ ಒಳಗೆ ನುಗ್ಗುವುದನ್ನು ಬಿಟ್ಟಿದ್ದೇನೆ. ಬದುವಿನ ಮೇಲೆ ನಿಂತು ಕಣ್ಣು ಮುಚ್ಚಿ ಐದಾರು ಕೂಗು ಕೇಳಿ, ಕೈ ಚಾಚಿ ದಿಕ್ಕನ್ನು ಗುರುತಿಸಿ, ಪಕ್ಕದ ಬದುವಿಗೆ ಹೋಗಿ ಅದನ್ನೇ ಮಾಡುತ್ತೇನೆ. ಎರಡು ಗೆರೆ ಕೂಡುವ ಸಾಲಿಗೆ ಮಾತ್ರ ಇಳಿಯುತ್ತೇನೆ. ಗಾಳಿ ಹೆಚ್ಚಿದ್ದರೆ ಮರುದಿನ ಬೆಳಿಗ್ಗೆ 6ಕ್ಕೆ ಬರುವುದೇ ಮೇಲು.

ನಡುವೆ ಹೊಳೆಯುವ ಎಲ್ಇಡಿಯನ್ನೂ ಹಾಕಿ ನೋಡಿದೆ. ರಾಗಿ ಹೊಲದಲ್ಲಿ ಕತ್ತಲಾದ ಮೇಲೆ ದೂರದಿಂದಲೇ ಕಂಡಿತು, ಕಬ್ಬಿನಲ್ಲಿ ವ್ಯರ್ಥ. ಕೀಲಿಗೊಂಚಲಿಗೆ ಹಾಕುವ ಬ್ಲೂಟೂತ್ ಟ್ಯಾಗ್ ಕಬ್ಬಿನೊಳಗೆ ಹತ್ತು ಮೀಟರಿಗೂ ಫೋನಿಗೆ ಸಿಗಲಿಲ್ಲ.

ಈ ಅಲಾರಂ ಹಾಕಿದ ಮೇಲೆ ಇದುವರೆಗೆ ಮಾಡೆಲ್ ಕಬ್ಬಿಗೆ ಐದು ಬಾರಿ ಬಿದ್ದಿದೆ, ಐದು ಬಾರಿಯೂ ಅದೇ ದಿನ ಸಿಕ್ಕಿದೆ. ಜಿಪಿಎಸ್ ಪಕ್ಷದ ಹಿರಿಯರೊಬ್ಬರು ತಮ್ಮ ಎರಡು ಮಾಡೆಲ್‌ಗಳಿಗೂ ನನ್ನಿಂದ ಮಾಡಿಸಿಕೊಂಡಿದ್ದಾರೆ. ಈಗ ಉಳಿದಿರುವ ತೊಂದರೆ ನಾಲೆಯ ನೀರಿಗೆ ಬಿದ್ದರೆ ಏನು ಎಂಬುದು. ಬಕೆಟ್ಟಿನಲ್ಲಿ ಮುಳುಗಿಸಿ ತೆಗೆದಾಗ ಪೀಜೋವಿನ ಬಾಯಲ್ಲಿ ನೀರು ನಿಂತು ಸದ್ದು ಸತ್ತುಹೋಯಿತು. ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಮೇಲೆ ಕೂಗುತ್ತಿದೆ, ಆದರೆ ಮೂರು ನಾಲ್ಕು ಡೆಸಿಬಲ್ ಕಡಿಮೆಯಾಗಿದೆ. ಬೇರೆ ಬೇರೆ ಹಾಳೆಗಳನ್ನು ಅಂಟಿಸಿ ನೋಡುತ್ತಿದ್ದೇನೆ.