ನಿಂತ ಪಿಂಚಣಿಗೆ ರಿಟ್ ಅರ್ಜಿ: ನನ್ನ ಅನುಭವ

ಪಿಂಚಣಿ ನಿಂತುಹೋಗಿದೆ ಎಂದು ಬರುವ ಹೆಚ್ಚಿನ ಕಕ್ಷಿದಾರರ ಕೈಯಲ್ಲಿ ಪಾಸ್‌ಬುಕ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಆದೇಶ ಎಲ್ಲಿ ಎಂದು ಕೇಳಿದರೆ, "ಆದೇಶ ಗೀದೇಶ ಏನೂ ಕೊಟ್ಟಿಲ್ಲ ಸಾರ್, ದುಡ್ಡು ಬರೋದು ನಿಂತೋಯ್ತು ಅಷ್ಟೆ" ಅನ್ನುತ್ತಾರೆ. ಸಂವಿಧಾನದ 226ನೇ ವಿಧಿಯಡಿ, ಅಂದರೆ ಸರ್ಕಾರಿ ಕ್ರಮವನ್ನು ಪ್ರಶ್ನಿಸುವ ರಿಟ್ ಅರ್ಜಿಯಲ್ಲಿ, ಹೈಕೋರ್ಟ್ ಮುಖ್ಯವಾಗಿ ನೋಡುವುದು ಅರ್ಜಿದಾರರು ಎಷ್ಟು ಬಡವರು ಎಂಬುದನ್ನಲ್ಲ, ಪಿಂಚಣಿ ನಿಲ್ಲಿಸುವ ತೀರ್ಮಾನಕ್ಕೆ ಅಧಿಕಾರಿ ಹೇಗೆ ಬಂದರು ಎಂಬುದನ್ನು. ಕಷ್ಟವನ್ನೇ ಪುಟಗಟ್ಟಲೆ ತೋಡಿಕೊಳ್ಳುವ ಕರಡು ಕಂಡರೆ ನಾನು ಅರ್ಧಕ್ಕರ್ಧ ಹೊಡೆದುಹಾಕುತ್ತೇನೆ.

ವೃದ್ಧರಿಗೆ ಪಿಂಚಣಿ ಕೊಡುವ ರಾಜ್ಯ ಸರ್ಕಾರದ ಸಂಧ್ಯಾ ಸುರಕ್ಷಾ ಯೋಜನೆಯ ಫಲಾನುಭವಿಯಾಗಿದ್ದ ಒಬ್ಬ ಅಜ್ಜಿಯ ಪ್ರಕರಣದಲ್ಲಿ ಮೊದಲು ಮಾಹಿತಿ ಹಕ್ಕಿನಡಿ ಇಡೀ ಕಡತದ ಪ್ರತಿ ಕೇಳಿಸಿದೆ. "ಯಾಕೆ ನಿಲ್ಲಿಸಿದಿರಿ" ಎಂದು ಕೇಳಿದರೆ ಹಾರಿಕೆಯ ಉತ್ತರ ಬರುತ್ತದೆ. ಟಿಪ್ಪಣಿ ಹಾಳೆ (ಅಧಿಕಾರಿಗಳು ತಮ್ಮ ಅಭಿಪ್ರಾಯ, ತೀರ್ಮಾನ ಬರೆಯುವ ಹಾಳೆ) ಸಮೇತ ಕಡತ ಕೊಡಿ ಎಂದರೆ ಕಾಗದವೇ ಮಾತಾಡುತ್ತದೆ. ಬಂದ ಹಾಳೆಯಲ್ಲಿ ಇದ್ದದ್ದು ಒಂದೇ ಸಾಲು: ಸ್ಥಳ ಪರಿಶೀಲನೆಯಲ್ಲಿ ಫಲಾನುಭವಿ ಕಂಡುಬಂದಿಲ್ಲ, ರದ್ದುಪಡಿಸಬಹುದು. ಕೆಳಗೆ ಹಸಿರು ಶಾಯಿಯ ಸಹಿ. ಪರಿಶೀಲನೆಯ ದಿನಾಂಕದ ಜಾಗ ಖಾಲಿ. ನೋಟಿಸಿನ ಪ್ರತಿ ಇಲ್ಲ, ಸಾಕ್ಷಿಗಳ ಮುಂದೆ ಸ್ಥಳದಲ್ಲೇ ಬರೆಯುವ ಮಹಜರು ಇಲ್ಲ. ನಮ್ಮ ಕೇಸು ನಿಂತದ್ದು ಈ ಇಲ್ಲಗಳ ಮೇಲೆಯೇ.

ಮೇಲ್ಮನವಿಗೆ ಹೋಗದೆ ನೇರ ಹೈಕೋರ್ಟಿಗೇಕೆ ಬಂದಿರಿ ಎಂಬ ಆಕ್ಷೇಪಣೆ ಬಂದೇ ಬರುತ್ತದೆ. ಸಹಜ ನ್ಯಾಯ ಮೀರಿದ್ದರೆ, ಅಂದರೆ ನೋಟಿಸು ಕೊಟ್ಟು ಅಹವಾಲು ಕೇಳದೆ ತೀರ್ಮಾನಿಸಿದ್ದರೆ, ಮೇಲ್ಮನವಿಯಂಥ ಪರ್ಯಾಯ ಪರಿಹಾರ ಇರುವುದು ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ ವರ್ಲ್‌ಪೂಲ್ ಪ್ರಕರಣದಲ್ಲಿ (1998) ಹೇಳಿದೆ. ಅದನ್ನು ಅರ್ಜಿಯಲ್ಲೇ ಬರೆದಿದ್ದೆ. ಇದಕ್ಕಿಂತ ಸ್ವಾರಸ್ಯ ಆಮೇಲೆ ಬಂತು. ಸರ್ಕಾರಿ ವಕೀಲರ ಆಕ್ಷೇಪಣೆಯಲ್ಲಿ ಮಗನ ಆದಾಯ ಹೆಚ್ಚಿದೆ ಎಂಬ ಹೊಸ ಕಾರಣ ಹುಟ್ಟಿಕೊಂಡಿತ್ತು. ಕಡತದಲ್ಲಿ ಮಗನ ಹೆಸರೇ ಇಲ್ಲ! ಆದೇಶದಲ್ಲಿ ಇಲ್ಲದ ಕಾರಣವನ್ನು ಆಮೇಲೆ ಅಫಿಡವಿಟ್ ಮೂಲಕ ತುಂಬಿಸಲು ಬರುವುದಿಲ್ಲ ಎಂಬುದು ಮೊಹಿಂದರ್ ಸಿಂಗ್ ಗಿಲ್ ತೀರ್ಪು (1978). ಟಿಪ್ಪಣಿ ಹಾಳೆಯನ್ನೂ ಆಕ್ಷೇಪಣೆಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದೆ. ವಾದ ಬೆಳೆಸುವ ಅಗತ್ಯ ಬೀಳಲಿಲ್ಲ.

ಇಂಥ ಕೇಸಿನಲ್ಲಿ ಗೆದ್ದರೂ ಸಾಮಾನ್ಯವಾಗಿ ನ್ಯಾಯಾಲಯವೇ ಪಿಂಚಣಿ ಮಂಜೂರು ಮಾಡುವುದಿಲ್ಲ. ಆದೇಶ ರದ್ದುಪಡಿಸಿ, ಅರ್ಜಿದಾರರ ಅಹವಾಲು ಕೇಳಿ ಹೊಸದಾಗಿ ತೀರ್ಮಾನಿಸಿ ಎಂದು ಅದೇ ಕಚೇರಿಗೆ ಕಳಿಸುತ್ತದೆ. ಕಕ್ಷಿದಾರರಿಗೆ ಇದನ್ನು ವಕಾಲತ್ತಿಗೆ ಸಹಿ ಹಾಕಿಸುವಾಗಲೇ ಹೇಳಿಬಿಡಬೇಕು. ಅದಕ್ಕೇ ನನ್ನ ಕೋರಿಕೆಯಲ್ಲಿ ಮೂರು ಮಾತು ಬಿಡದೆ ಇರುತ್ತವೆ: ಆದೇಶ ರದ್ದು, ನಿಂತ ತಿಂಗಳಿನಿಂದ ಹಿಂಬಾಕಿ, ಮರುತೀರ್ಮಾನಕ್ಕೆ ಗಡುವು. ಗಡುವಿಲ್ಲದಿದ್ದರೆ ಕಡತ ಮತ್ತೆ ಕಪಾಟು ಸೇರುತ್ತದೆ.

ಗಡುವಿನ ಲೆಕ್ಕ ಸಾಮಾನ್ಯವಾಗಿ "ಆದೇಶದ ಪ್ರತಿ ತಲುಪಿದ ದಿನದಿಂದ". ಅಂಚೆಯಲ್ಲಿ ಕಳಿಸಿ ಕೂರದೆ, ದೃಢೀಕೃತ ಪ್ರತಿಯನ್ನು ಮನವಿಯೊಂದಿಗೆ ಟಪಾಲು ವಿಭಾಗಕ್ಕೆ ಕೊಟ್ಟು, ನಮ್ಮ ಪ್ರತಿಯ ಮೇಲೆ ದಿನಾಂಕದ ಸೀಲು ಹಾಕಿಸಿಕೊಳ್ಳುವುದು ನನ್ನ ರೂಢಿ. ಮುಂದೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಬೇಕಾಗಿ ಬಂದರೆ ಆ ಸೀಲೇ ಮೊದಲ ದಾಖಲೆ. ಈ ಪ್ರಕರಣದಲ್ಲಿ ಅಲ್ಲಿಯವರೆಗೆ ಹೋಗಲಿಲ್ಲ. ವಿಚಾರಣೆಗೆ "ಕಂಡುಬಾರದ" ಅಜ್ಜಿ ಖುದ್ದಾಗಿ ಹೋಗಿ ಕೂತರು, ಹಿಂಬಾಕಿ ಸಮೇತ ಪಿಂಚಣಿ ಮತ್ತೆ ಶುರುವಾಯಿತು.