ಕುಮಟಾದಲ್ಲಿ ಜೋಲುವ ಮೀಸೆ ಶಿರಸಿಯಲ್ಲಿ ಏಳುತ್ತದೆ

ಕಾರವಾರದಿಂದ ಬೈಕಿನಲ್ಲಿ ಬಂದ ಅಕ್ಕನ ಮಗ ಹೆಲ್ಮೆಟ್ ತೆಗೆದು ಜಗಲಿಯ ಮೇಲಿಟ್ಟವನೇ, "ಮಾವ, ಮದುವೆಗೆ ಇನ್ನು ನಾಲ್ಕು ತಿಂಗಳಿದೆ. ನಿಮ್ಮ ಹಾಗೆ ಮೀಸೆ ಬಿಡಬೇಕು, ಏನು ಹಚ್ಚಬೇಕು ಹೇಳಿ" ಎಂದ. ಏನೂ ಹಚ್ಚಬೇಡ, ಕೈ ಸುಮ್ಮನಿಟ್ಟುಕೋ ಎಂದೆ. ಅವನ ಮುಖ ಸಣ್ಣದಾಯಿತು. ಬಾಟಲಿಯಲ್ಲಿ ಬಾರದ ಉಪಾಯವನ್ನು ಈಗಿನ ಹುಡುಗರು ಉಪಾಯವೆಂದೇ ಒಪ್ಪುವುದಿಲ್ಲ. ಅಂದು ಅವನಿಗೆ ಹೇಳಿದ್ದು, ಹೇಳಲು ಮರೆತದ್ದು ಎರಡೂ ಸೇರಿ ಇಲ್ಲಿದೆ.

ಮೊದಲು ನನ್ನ ಅಧಿಕಾರವೇನು ಎಂದು ಹೇಳಿಬಿಡುತ್ತೇನೆ. ಕುಮಟಾ–ಶಿರಸಿ ಬಸ್ಸಿನಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದೆ. ಅದರಲ್ಲಿ 28 ವರ್ಷ ಹುರಿಮೀಸೆ. ಹೆಗಲಿಗೆ ಚೀಲ, ಬಾಯಿಯಲ್ಲಿ ಸೀಟಿ, ಸೀಟಿಯ ಮೇಲೆ ಮೀಸೆ. ಈ ಕೊನೆಯ ಎರಡಕ್ಕೆ ಹೊಂದಾಣಿಕೆ ಇಲ್ಲ. ತುಟಿಗೂ ಸೀಟಿಗೂ ನಡುವೆ ಕೂದಲು ಸಿಕ್ಕಿಕೊಂಡಿರುವುದು ತಿಳಿಯದೆ ಸರಕ್ಕನೆ ಎಳೆದರೆ ಎರಡು ಎಳೆ ಬೇರು ಸಮೇತ ಬರುತ್ತದೆ. ಕಣ್ಣಲ್ಲಿ ನೀರು ಬರುತ್ತದೆ. ಕತಗಾಲದಲ್ಲಿ ಇಳಿಯುವ ಅಜ್ಜಿ "ಯಾಕೋ ತಮ್ಮಾ, ಮನೆಯಲ್ಲಿ ಎಲ್ಲ ಸೌಖ್ಯವೇ" ಎಂದು ಕೇಳುತ್ತಾಳೆ.

ಈಗ ಬಿಡುವ ಕೆಲಸ. ಮುಖದ ಕೂದಲು ದಿನಕ್ಕೆ ಒಂದು ಮಿಲಿಮೀಟರಿನ ಅರ್ಧಕ್ಕಿಂತಲೂ ಕಡಿಮೆ ಬೆಳೆಯುತ್ತದೆ. ತಿಂಗಳಿಗೆ ಒಂದು ಸೆಂಟಿಮೀಟರು, ಬಹಳವೆಂದರೆ ಇನ್ನು ಸ್ವಲ್ಪ. ತುದಿ ತಿರುವುವಷ್ಟು ಉದ್ದ ಬೇಕಾದರೆ ಮೂರರಿಂದ ನಾಲ್ಕು ತಿಂಗಳು ಹಿಡಿಯುತ್ತದೆ. ಅಳಿಯನ ಲೆಕ್ಕ ಅಂಚಿನಲ್ಲೇ ಇತ್ತು. ಬೋಳಿಸಿ ಬೋಳಿಸಿ ಬಿಟ್ಟರೆ ದಪ್ಪ ಬರುತ್ತದೆ ಎಂದು ಅವನು ಒಂದು ವಾರ ಕಾಲಹರಣವನ್ನೂ ಮಾಡಿದ್ದ. ಅದು ಸುಳ್ಳು. ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಎಂಬ ಅಂಗರಚನಾ ತಜ್ಞೆ 1928ರಲ್ಲಿಯೇ ಗಂಡಸರ ಮುಖದ ಕೂದಲನ್ನು ಅಳೆದು ನೋಡಿ, ಬೋಳಿಸುವುದರಿಂದ ದಪ್ಪವೂ ಆಗುವುದಿಲ್ಲ, ಬೇಗವೂ ಬರುವುದಿಲ್ಲ ಎಂದು ತೋರಿಸಿದ್ದಾರೆ. ಹುಟ್ಟಾ ಬಂದ ಕೂದಲಿನ ತುದಿ ಚೂಪಾಗಿರುತ್ತದೆ, ಬ್ಲೇಡು ತಾಗಿದ್ದರ ತುದಿ ಮೊಂಡು. ಬೆರಳಿಗೆ ಮೊಂಡು ತಾಗಿದಾಗ ದಪ್ಪ ಎನ್ನಿಸುತ್ತದೆ, ಅಷ್ಟೇ. ಹರಳೆಣ್ಣೆ ಹೊಳಪು ಕೊಡುತ್ತದೆ, ಬೆಳೆ ಕೊಡುವುದಿಲ್ಲ. ಈರುಳ್ಳಿ ರಸದ ಬಗ್ಗೆ ನಿಮ್ಮ ಪಕ್ಕದಲ್ಲಿ ಕೂರುವವರನ್ನು ಕೇಳಿ. ಮೀಸೆಯ ದಪ್ಪ ಅಪ್ಪ, ಅಜ್ಜ, ಸೋದರಮಾವಂದಿರ ಮುಖದಲ್ಲಿ ಆಗಲೇ ಬರೆದಿರುತ್ತದೆ. ಇಪ್ಪತ್ತರಲ್ಲಿ ವಿರಳವಾಗಿದ್ದದ್ದು ಇಪ್ಪತ್ತೈದು ದಾಟಿದ ಮೇಲೆ ತುಂಬಿಕೊಂಡದ್ದನ್ನೂ ನೋಡಿದ್ದೇನೆ. ಆದರೆ ನಾಣ್ಯದಗಲ ಗುಂಡಗೆ ಒಂದೇ ಕಡೆ ಉದುರಿದರೆ ಅದು ಬೇರೆ ಕಥೆ. ನಮ್ಮಲ್ಲಿ ಹುಳ ತಿಂದಿದೆ ಎನ್ನುತ್ತಾರೆ, ಹುಳವೇನೂ ಇರುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲಿನ ಬುಡದ ಮೇಲೆ ತಿರುಗಿ ಬಿದ್ದಿರುತ್ತದೆ. ಚರ್ಮದ ವೈದ್ಯರಿಗೆ ತೋರಿಸಿ.

ಎರಡನೆಯ ವಾರ ತುರಿಕೆ. ಮೂರನೆಯ ವಾರ ನೆಂಟರು. ಯಾರ ಮನೆಗೆ ಹೋದರೂ "ಹುಷಾರಿಲ್ಲವೇನೋ" ಎಂದು ಕೇಳುವ ಹಂತ ಇದು. ಹತ್ತರಲ್ಲಿ ಎಂಟು ಮೀಸೆಗಳು ಇಲ್ಲಿಯೇ ಸಾಯುತ್ತವೆ. ತುರಿಕೆಗೆ ಸ್ನಾನವಾದ ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ ಸಾಕು. ನೆಂಟರಿಗೆ ಮದ್ದಿಲ್ಲ.

ಐದನೆಯ ವಾರದ ಹೊತ್ತಿಗೆ ಮಧ್ಯದ ಕೂದಲು ತುಟಿಯ ಮೇಲೆ ಇಳಿಯುತ್ತದೆ. ಕತ್ತರಿ ಹಿಡಿಯುವ ಆಸೆ ಆಗ ಹುಟ್ಟುತ್ತದೆ, ತಪ್ಪಾಗುವುದೂ ಆಗಲೇ. ನಾನು ಮಾಡಿದ ತಪ್ಪನ್ನೇ ಹೇಳುತ್ತೇನೆ. ಸ್ನಾನ ಮಾಡಿ ಬಂದು, ಒದ್ದೆ ಮೀಸೆಯನ್ನು ಬಾಚಿ, ತುಟಿಯ ಗೆರೆಗೆ ಸರಿಯಾಗಿ ಕತ್ತರಿಸಿದೆ. ಒದ್ದೆ ಕೂದಲು ನೇರವಾಗಿ ಜೋತುಬಿದ್ದು ಉದ್ದ ಕಾಣುತ್ತದೆ. ಒಣಗಿದಾಗ ಮೇಲೆ ಸರಿಯುತ್ತದೆ. ಬೆಳಗಿನ ಮೊದಲ ಬಸ್ಸು ದಿವಗಿ ದಾಟುವಷ್ಟರಲ್ಲಿ ನನ್ನ ಮೀಸೆ ಮೂಗಿನ ಹತ್ತಿರಕ್ಕೆ ಏರಿತ್ತು. ಆದ್ದರಿಂದ ಒಣಗಿದ ಮೇಲೆಯೇ ಕತ್ತರಿಸಿ. ಬಾಯಿ ಮುಚ್ಚಿ, ಮುಖ ಸಡಿಲ ಬಿಟ್ಟು ಕನ್ನಡಿ ನೋಡಿ. ನಗುತ್ತಾ ಕತ್ತರಿಸಿದರೆ ನಗು ಇಳಿದಾಗ ಗೆರೆ ಸೊಟ್ಟ. ಮೂಗಿನ ಕೆಳಗಿನ ಗುಳಿಯಿಂದ ಶುರುಮಾಡಿ ಬಾಯಿಯ ಮೂಲೆಯ ಕಡೆಗೆ ಸಾಗಿ, ಮೂಲೆ ಬರುವ ಮೊದಲೇ ನಿಲ್ಲಿಸಿ. ಮೂಲೆಯ ಕೂದಲೇ ಮುಂದೆ ತಿರುವಲು ಬೇಕಾದ ಬಂಡವಾಳ. ಅದನ್ನು ಕ್ಷೌರದಂಗಡಿಯಲ್ಲೂ ಬಾಯಿ ಬಿಟ್ಟು ಹೇಳಬೇಕು. ಒಮ್ಮೆ ಸಂತೆಯ ದಿನ ಕುರ್ಚಿಯಲ್ಲಿ ಕುಳಿತು ನಿದ್ದೆ ಹೋದ ನಾನು ಎದ್ದಾಗ ಚಾರ್ಲಿ ಮೀಸೆಯವನಾಗಿದ್ದೆ.

ಬಾಚುವುದು ಮಾತ್ರ ಒದ್ದೆ ಇರುವಾಗಲೇ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಮಧ್ಯದಲ್ಲಿ ಬೈತಲೆ ತೆಗೆದಂತೆ ಎರಡು ಕಡೆಗೆ ಬಾಚಿ, ಹಾಗೆಯೇ ಒಣಗಲು ಬಿಡಿ. ನೀರು ತಾಗಿದಾಗ ಕೂದಲಿನ ಒಳಗಿನ ಸಣ್ಣ ಬಂಧಗಳು ಬಿಚ್ಚಿಕೊಳ್ಳುತ್ತವೆ, ಒಣಗಿದಾಗ ಇದ್ದ ಭಂಗಿಯಲ್ಲೇ ಮತ್ತೆ ಕಟ್ಟಿಕೊಳ್ಳುತ್ತವೆ. ನಮ್ಮ ಕರಾವಳಿಯ ಮೀಸೆಯ ಸಮಸ್ಯೆಯೆಲ್ಲ ಈ ಒಂದು ಮಾತಿನಲ್ಲಿದೆ. ಗಾಳಿಯೇ ಒದ್ದೆಯಾಗಿದ್ದರೆ ಕಟ್ಟಿದ್ದು ಮತ್ತೆ ಬಿಚ್ಚಿಕೊಳ್ಳುತ್ತದೆ.

ಡಿಸೆಂಬರಿನಿಂದ ಫೆಬ್ರವರಿವರೆಗೆ ನಾನು ಇದನ್ನು ದಿನವೂ ನೋಡುತ್ತಿದ್ದೆ. ಕುಮಟಾ ನಿಲ್ದಾಣದಲ್ಲಿ ತಿರುವಿದ ಮೀಸೆ ಬಸ್ಸು ಹೊರಡುವ ಮೊದಲೇ ಸೋತು ಕೆಳಗೆ ನೋಡುತ್ತಿತ್ತು. ದೇವಿಮನೆ ಘಟ್ಟ ಹತ್ತಿ ರಾಗಿಹೊಸಳ್ಳಿ ದಾಟುವಾಗ ಬೆರಳಾಡಿಸಿದರೆ ತುದಿಗೆ ಜೀವ ಬಂದಿರುತ್ತಿತ್ತು. ಸಮುದ್ರದಿಂದ ಸುಮಾರು 590 ಮೀಟರ್ ಎತ್ತರದ ಶಿರಸಿಯ ಒಣ ಚಳಿಯಲ್ಲಿ, ಏನೂ ಹಚ್ಚದೆ, ಅದೇ ಮೀಸೆ ಹುರಿಗಟ್ಟಿ ನಿಲ್ಲುತ್ತಿತ್ತು. ಮಧ್ಯಾಹ್ನದ ಬಸ್ಸಿಗೆ ಇಳಿದರೆ ಮತ್ತೆ ಜೋಲು. ಇದು ನನ್ನ ಭ್ರಮೆ ಎಂದು ಡ್ರೈವರ್ ನಗುತ್ತಿದ್ದ. ಆದರೆ ಜಿನೀವಾದ ಸೋಸ್ಯೂರ್ ಎಂಬಾತ 1783ರಲ್ಲಿಯೇ ಮನುಷ್ಯನ ಕೂದಲನ್ನು ಬಿಗಿದು ಗಾಳಿಯ ತೇವ ಅಳೆಯುವ ಉಪಕರಣ ಮಾಡಿದ್ದ; ತೇವ ಹೆಚ್ಚಿದಂತೆ ಕೂದಲು ಉದ್ದವಾಗುತ್ತದೆ, ಒಣಗಿದಂತೆ ಗಿಡ್ಡವಾಗುತ್ತದೆ. ನಾನು ಅದೇ ಉಪಕರಣವನ್ನು ಮೂಗಿನ ಕೆಳಗಿಟ್ಟುಕೊಂಡು ದಿನಕ್ಕೆ ಎರಡು ಬಾರಿ ಘಟ್ಟ ಹತ್ತಿಳಿದಿದ್ದೇನೆ.

ಹೀಗಾಗಿ ಘಟ್ಟದ ಕೆಳಗಿನವರಿಗೆ ಮೇಣ ಬೇಕು. ಅಂಗಡಿಯ ಡಬ್ಬಿಯ ಮೇಣ ತಣ್ಣನೆಯ ದೇಶದವರ ಲೆಕ್ಕದಲ್ಲಿ ಮಾಡಿದ್ದು. ನಮ್ಮ ಮೇ ತಿಂಗಳಿನಲ್ಲಿ ಕರಗಿ ತುಟಿಗೆ ಇಳಿಯುತ್ತದೆ. ಬರಿಯ ಕೊಬ್ಬರಿ ಎಣ್ಣೆಯಂತೂ 24 ಡಿಗ್ರಿಗೇ ಕರಗುವಂಥದ್ದು, ಕರಾವಳಿಯಲ್ಲಿ ಅದು ಗಟ್ಟಿಯಾಗಿದ್ದನ್ನು ಕಂಡವರೇ ಕಡಿಮೆ. ನಾನು ಮಾಡಿಕೊಳ್ಳುವುದು ಹೀಗೆ. ಜೇನುಮೇಣ 20 ಗ್ರಾಂ. ಶಿರಸಿ ಕಡೆಯ ಜೇನು ಸಾಕುವವರು ತುಪ್ಪ ತೆಗೆದ ಮೇಲೆ ಉಳಿದ ಎರಿಯನ್ನು ಕರಗಿಸಿ ಸೋಸಿ ಕೊಡುತ್ತಾರೆ. ಮುರುಗಲು (ಕೋಕಂ) ತುಪ್ಪ 10 ಗ್ರಾಂ. ಕೊಬ್ಬರಿ ಎಣ್ಣೆ ಒಂದು ಚಮಚ. ಮುರುಗಲ ಬೀಜದ ಈ ತುಪ್ಪವನ್ನು ನಮ್ಮ ಹಿರಿಯರು ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದರು. ಮೀಸೆಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಮನೆಯೊಳಗೆ ಕಲ್ಲಿನಂತೆ ಗಟ್ಟಿ, 40 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಬೆರಳ ನಡುವೆ ತಿಕ್ಕಿದರೆ ಮೆತ್ತಗಾಗುತ್ತದೆ, ಮೀಸೆಯ ಮೇಲೆ ಕೂತು ಮತ್ತೆ ಬಿಗಿಯುತ್ತದೆ.

ಜೇನುಮೇಣ ಕರಗಲು 62–64 ಡಿಗ್ರಿ ಬೇಕು. ನೇರ ಉರಿಯ ಮೇಲೆ ಇಡಬೇಡಿ, ಹೊತ್ತಿಕೊಳ್ಳುತ್ತದೆ. ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಸ್ಟೀಲ್ ಲೋಟ ಇಟ್ಟು, ಮೊದಲು ಮೇಣ, ಅದು ಕರಗಿದ ಮೇಲೆ ತುಪ್ಪ, ಕೊನೆಗೆ ಎಣ್ಣೆ. ಕಡ್ಡಿಯಿಂದ ಕಲಕಿ. ಒಂದು ಹನಿಯನ್ನು ತಣ್ಣನೆಯ ತಟ್ಟೆಯ ಮೇಲೆ ಬಿಟ್ಟು ಉಗುರಿನಿಂದ ಕೆರೆದು ನೋಡಿ: ಪುಡಿಯಾದರೆ ಇನ್ನಷ್ಟು ಎಣ್ಣೆ, ಜಾರಿದರೆ ಇನ್ನಷ್ಟು ಮೇಣ. ಬಿಸಿ ಇರುವಾಗಲೇ ಸಣ್ಣ ಡಬ್ಬಿಗೆ ಸುರಿಯಿರಿ. ಲೋಟವನ್ನು ಅಡುಗೆಮನೆಯ ತೊಟ್ಟಿಯಲ್ಲಿ ತೊಳೆಯಬೇಡಿ, ಕೊಳವೆ ಕಟ್ಟುತ್ತದೆ. ಮೊದಲ ಸಲ ನಾನು ಹಿಡಿದದ್ದು ಹೆಂಡತಿಯ ತವರಿನಿಂದ ಬಂದ ಲೋಟ. ಎಷ್ಟು ಉಜ್ಜಿದರೂ ಅಂಟು ಹೋಗಲಿಲ್ಲ. "ಈ ಲೋಟಕ್ಕೆ ಇನ್ನು ನಿಮ್ಮ ಮೀಸೆಯೇ ಗತಿ" ಎಂದು ಅದನ್ನು ಬಚ್ಚಲಿನ ಗೂಡಿನಲ್ಲಿ ಇಟ್ಟಳು. 19 ವರ್ಷದಿಂದ ಅಲ್ಲೇ ಇದೆ.

ಹಚ್ಚುವಾಗ ಒಂದು ಕಡೆಗೆ ಅಕ್ಕಿಕಾಳಿನಷ್ಟು ಸಾಕು. ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ಬುಡದಿಂದ ತುದಿಗೆ ಎಳೆದು, ತುದಿಯನ್ನು ಬತ್ತಿ ಹೊಸೆದಂತೆ ಹೊಸೆಯಿರಿ. ದೀಪದ ಬತ್ತಿ ಹೊಸೆಯಲು ಬರುವವರಿಗೆ ಬೇರೆ ಪಾಠ ಬೇಡ. ಹೆಲ್ಮೆಟ್ ಹಾಕುವವರು ಮನೆಯಲ್ಲಿ ಹಚ್ಚಬಾರದು. ಅಳಿಯ ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡು ಕಾರವಾರ ಮುಟ್ಟಿದ ಮೇಲೆ ಕನ್ನಡಿ ನೋಡುತ್ತಾನೆ. ರಾತ್ರಿ ಬಿಸಿನೀರು, ಸೋಪು ಹಾಕಿ ತೊಳೆದೇ ಮಲಗಬೇಕು.

ಉಣ್ಣುವುದು, ಕುಡಿಯುವುದು ಬೇರೆ ವಿದ್ಯೆ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನವರು ಮೀಸೆ ಚಹಾದಲ್ಲಿ ಅದ್ದದಂತೆ ಕಪ್ಪಿನ ಬಾಯಿಗೆ ಅಡ್ಡಪಟ್ಟಿ ಇಡಿಸಿದ್ದರು. ನಮಗೆ ಅಂಥ ಕಪ್ಪು ಬೇಕಾಗಲಿಲ್ಲ. ಎತ್ತಿ ಕುಡಿಯಲು ಬರುತ್ತಿತ್ತು. ಅಪ್ಪೆಹುಳಿಯನ್ನು ಎತ್ತಿ ಕುಡಿಯಿರಿ, ಮಜ್ಜಿಗೆಯನ್ನೂ. ಬಂಗುಡೆ ಸಾರಿನ ದಿನ ಮಾತ್ರ ಊಟವಾದ ಮೇಲೆ ಸೋಪಿನಿಂದ ಎರಡು ಸಲ ತೊಳೆಯಿರಿ. ವಾಸನೆ ಮೊದಲು ತಿಳಿಯುವುದು ಎದುರಿನವರಿಗೆ, ಆದರೆ ಹೆಚ್ಚು ಹೊತ್ತು ಅನುಭವಿಸುವವರು ನೀವೇ.

ಗಡ್ಡದ ಬಗ್ಗೆ ಚುಟುಕಾಗಿ ಮುಗಿಸುತ್ತೇನೆ, ಏಕೆಂದರೆ ನನಗೆ ಅದರಲ್ಲಿ ಪ್ರೀತಿಯಿಲ್ಲ. ಅರಗದ ನೌಕಾನೆಲೆಯ ಹುಡುಗರ ಅಚ್ಚುಕಟ್ಟಾದ ಗಡ್ಡ ನೋಡಿ ಅಳಿಯನಿಗೂ ಆಸೆಯಾಗಿತ್ತು. ಅವರಿಗೆ ನಿಯಮವಿದೆ, ಅದಕ್ಕೇ ಚೆಂದ ಕಾಣುತ್ತದೆ. ಗಂಟಲ ಉಬ್ಬಿನಿಂದ ಎರಡು ಬೆರಳು ಮೇಲಕ್ಕೆ ಗೆರೆ ಹಿಡಿದು ಕೆಳಗಿನದನ್ನೆಲ್ಲ ತೆಗೆಯಬೇಕು. ಸಮುದ್ರಸ್ನಾನವಾದ ಮೇಲೆ ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ಒಳಗೆ ಕೂತು ಕಚ್ಚುತ್ತದೆ. ಬೆವರಿನಲ್ಲಿ ಕೂದಲ ಬುಡಕ್ಕೆ ಕೀವುಗುಳ್ಳೆ ಏಳುತ್ತವೆ. ಕಾರವಾರದ ಕಡಲತೀರಕ್ಕೆ ಹೆಸರು ಕೊಟ್ಟ ರವೀಂದ್ರನಾಥ ಠಾಕೂರರ ಗಡ್ಡವನ್ನು ಅಳಿಯ ಸಾಕ್ಷಿಗೆ ತಂದ. ಅವರು ನ್ಯಾಯಾಧೀಶರಾಗಿದ್ದ ಅಣ್ಣನ ಜೊತೆ ಇಲ್ಲಿದ್ದದ್ದು 1883ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ. ಚಿತ್ರದಲ್ಲಿ ನೀನು ನೋಡುವ ಬಿಳಿ ಗಡ್ಡ ಬಂದದ್ದು ಬಹಳ ತಡವಾಗಿ, ನೀನೂ ಅಷ್ಟು ಕಾಯಿ ಎಂದೆ.

ಬಣ್ಣ ಹಚ್ಚುವವರಿಗೊಂದು ಎಚ್ಚರಿಕೆ. ಕಪ್ಪು ಬಣ್ಣಗಳಲ್ಲಿ ಹೆಚ್ಚಿನವುಗಳಲ್ಲಿ ಇರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಆಗುವುದಿಲ್ಲ. ನಿವೃತ್ತಿಯ ಸಮಾರಂಭದ ಹಿಂದಿನ ರಾತ್ರಿ ಹಚ್ಚಿದ ನನ್ನ ಮೇಲ್ತುಟಿ ಬೆಳಗಾಗುವಷ್ಟರಲ್ಲಿ ಬಾಳೆಕಾಯಿಯಷ್ಟು ಊದಿತ್ತು. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ, 48 ಗಂಟೆ ಮೊದಲು ಚರ್ಮದ ಮೇಲೆ ಒಂದು ಚುಕ್ಕೆ ಹಚ್ಚಿ ಪರೀಕ್ಷಿಸಿ ಎಂದು ಬರೆದಿತ್ತು. ಹಾರ ಹಾಕಿಸಿಕೊಂಡ ಫೋಟೊದಲ್ಲಿ ನಾನು ಟವೆಲ್ ಅಡ್ಡ ಹಿಡಿದು ನಿಂತಿದ್ದೇನೆ.

ಮೀಸೆ ಬೆಳೆಸಲು ಪುರುಸೊತ್ತಿಲ್ಲದವರು ಅಂಟಿಸಿಕೊಳ್ಳಬಹುದು. ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷ ಹೋಳಿಯ ರಾತ್ರಿಗಳಲ್ಲಿ ಬೇಡರ ವೇಷ ಕುಣಿಯುತ್ತದೆ. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ, ತಮಟೆಯ ಬಡಿತ, ಮುಖದಲ್ಲಿ ಬೀದಿಯ ತುದಿಗೂ ಕಾಣುವ ಮೀಸೆ. ಬೆಳಗಿನವರೆಗೆ ಬೆವರು ಸುರಿದರೂ ಅದು ಬೀಳಬಾರದು. ಬಣ್ಣದವರು ಬಳಸುವ ಸ್ಪಿರಿಟ್ ಗಮ್ ಇದಕ್ಕೆಂದೇ ಇರುವುದು: ಚರ್ಮ ಒರೆಸಿ ಒಣಗಿಸಿ, ತೆಳುವಾಗಿ ಬಳಿದು, ಬೆರಳಿಗೆ ಅಂಟಂಟು ಎನ್ನಿಸುವವರೆಗೆ ಕಾದು, ಆಮೇಲೆ ಒತ್ತಬೇಕು. ಕಾಲೇಜಿನ ನಾಟಕದಲ್ಲಿ ಅದು ಸಿಗದೆ ನಾವು ಸೈಕಲ್ ಪಂಕ್ಚರಿಗೆ ಹಾಕುವ ಸಲ್ಯೂಷನ್ ಬಳಸಿದ್ದೆವು. ಮೀಸೆ ಮೂರು ಅಂಕ ಅಲುಗಲಿಲ್ಲ. ತೆಗೆಯುವಾಗ ಚರ್ಮವೂ ಜೊತೆಗೆ ಬಂತು. ಆ ಗಾಯದ ಮೇಲೆ ಬ್ಲೇಡು ಆಡಿಸಲು ಆಗದೆ ಬಿಟ್ಟದ್ದೇ ನನ್ನ ಮೊದಲ ಮೀಸೆ. ಹಾಗಾಗಿ ಅಂಟಿಸಿದ್ದನ್ನು ಎಳೆಯಬೇಡಿ. ಅಂಚಿಗೆ ಎಣ್ಣೆ ಹಚ್ಚಿ, ಐದು ನಿಮಿಷ ಬಿಟ್ಟು, ಮೂಲೆಯಿಂದ ನಿಧಾನವಾಗಿ ಬಿಡಿಸಿ.

ಅಳಿಯನಿಗೆ ಈಗ ಹತ್ತನೆಯ ವಾರ. ಎಡಗಡೆ ಬಲಕ್ಕಿಂತ ಸ್ವಲ್ಪ ತೆಳು, ಅವನು ಅದನ್ನೇ ಮತ್ತೆ ಮತ್ತೆ ಮುಟ್ಟಿ ನೋಡುತ್ತಾನೆ. ಮದುವೆ ಶಿರಸಿಯಲ್ಲಿ, ಜನವರಿಯಲ್ಲಿ. ದಿಬ್ಬಣದ ಬಸ್ಸು ಕುಮಟಾದಿಂದ ಹೊರಡುವಾಗ ಮೇಣ ಬೇಡ, ರಾಗಿಹೊಸಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹಚ್ಚೋಣ ಎಂದಿದ್ದೇನೆ.